ಸೋಮನಹಳ್ಳಿಯ ಹೊಲಕ್ಕೆ ಇಶಾಪುರದ ರೈಫಲ್ಲು

ಬೆಂಗಳೂರು ಬಿಟ್ಟು ಮೈಸೂರಿನ ಕಡೆ ಹೊರಟವರು ಚನ್ನಪಟ್ಟಣದ ಗೊಂಬೆ ಅಂಗಡಿಗಳನ್ನು ದಾಟಿ, ನಿಡಘಟ್ಟ, ರುದ್ರಾಕ್ಷಿಪುರಗಳನ್ನು ಹಿಂದೆ ಹಾಕಿ, ಮದ್ದೂರು ವಡೆಯ ಮಾತೆತ್ತುವ ಹೊತ್ತಿಗೆ ಸೋಮನಹಳ್ಳಿ ಬಂದು ಹೋಗಿರುತ್ತದೆ. ಕನಕಪುರ ರಸ್ತೆಯಲ್ಲೂ ಒಂದು ಸೋಮನಹಳ್ಳಿ ಇದೆ, ಅದು ಬೇರೆ. ಇದು ಮಂಡ್ಯ ಜಿಲ್ಲೆ, ಮದ್ದೂರು ತಾಲ್ಲೂಕಿನದು. ಎಸ್. ಎಂ. ಕೃಷ್ಣ ಅವರ ಹೆಸರಿನ ತುದಿಯಲ್ಲಿದ್ದ ‘ಎಸ್’ ಎಂದರೆ ಈ ಊರು. 1932ರ ಮೇ 1ರಂದು ಇಲ್ಲಿ ಹುಟ್ಟಿದ ಅವರು 1962ರಲ್ಲಿ ಮದ್ದೂರಿನಿಂದ ಪಕ್ಷೇತರರಾಗಿ ವಿಧಾನಸಭೆಗೆ ಹೋದರು, 1999ರಿಂದ 2004ರವರೆಗೆ ರಾಜ್ಯದ ಮುಖ್ಯಮಂತ್ರಿಯಾಗಿದ್ದರು. 2024ರ ಡಿಸೆಂಬರಿನಲ್ಲಿ ಅವರ ಅಂತ್ಯಸಂಸ್ಕಾರ ನಡೆದದ್ದೂ ಈ ಮಣ್ಣಿನಲ್ಲೇ. ಆ ದಿನ ರಸ್ತೆಯುದ್ದಕ್ಕೂ ನಿಂತಿದ್ದ ಜನ, ಪೋಲೀಸರು, ಟೀವಿಯವರು ಮರುದಿನ ಇರಲಿಲ್ಲ. ಊರು ಮತ್ತೆ ತನ್ನ ತೆಂಗು, ರಾಗಿ, ಹಿಪ್ಪುನೇರಳೆ, ಹಾಲಿನ ಡೇರಿಗೆ ಮರಳಿತು.

ಹಗಲು ಹೊತ್ತು ಇಲ್ಲಿ ನಿಂತರೆ ಹೆದ್ದಾರಿಯ ಗದ್ದಲವೇ ಗದ್ದಲ. 2023ರ ಮಾರ್ಚ್ 12ರಂದು ಇದೇ ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಪ್ರಧಾನಿ ಉದ್ಘಾಟಿಸಿದ ದಶಪಥ, ಅದರ ಪಕ್ಕಕ್ಕೆ ಅಂಟಿಕೊಂಡ ಸರ್ವಿಸ್ ರಸ್ತೆ. ಅದೇ ವರ್ಷದ ಆಗಸ್ಟಿನಿಂದ ಬೈಕು, ಆಟೋ, ಟ್ರಾಕ್ಟರುಗಳಿಗೆ ನಡು ರಸ್ತೆಯಲ್ಲಿ ಪ್ರವೇಶವಿಲ್ಲವಾದ್ದರಿಂದ ಊರಿನವರೆಲ್ಲ ಈ ಸರ್ವಿಸ್ ರಸ್ತೆಯ ಪಾಲು. ಊರಿಗೆ ಸೇರಿದಂತೆ ಕೈಗಾರಿಕಾ ಪ್ರದೇಶವೂ ಇದೆ. ಪಾಳಿ ಬಿಟ್ಟಾಗ ಹೆಣ್ಣುಮಕ್ಕಳನ್ನು ತುಂಬಿಕೊಂಡ ವ್ಯಾನುಗಳು ಸಾಲುಗಟ್ಟುತ್ತವೆ. ಇದನ್ನೆಲ್ಲ ನೋಡಿದವರಿಗೆ ಈ ಊರಿನಲ್ಲಿ ಕಾಡುಮೃಗದ ಕಾಟವಿದೆ ಎಂದರೆ ನಗು ಬಂದೀತು.

ಆದರೆ ಇದೆ. ರಾತ್ರಿ ಹತ್ತರ ಮೇಲೆ ರಾಗಿ ಹೊಲದ ಬದುವಿನಲ್ಲಿ ಕೂತವರಿಗೆ ಅದು ಗೊತ್ತು. ಬೆಂಗಳೂರಿನವರು ಕೊಂಡು ಬೇಲಿ ಹಾಕಿ ಬಿಟ್ಟುಹೋದ ಜಮೀನುಗಳಲ್ಲಿ ಜಾಲಿ, ಲಂಟಾನ ಆಳೆತ್ತರ ಬೆಳೆದಿದೆ. ಹಂದಿಗೆ ಅದಕ್ಕಿಂತ ಒಳ್ಳೆಯ ಮನೆ ಕಾಡಿನಲ್ಲೂ ಸಿಗದು. ಹಗಲೆಲ್ಲ ಅಲ್ಲಿ ಮಲಗಿ, ಕತ್ತಲಾದ ಮೇಲೆ ಹಿಂಡಾಗಿ ಹೊರಡುತ್ತವೆ. ತಿನ್ನುವುದು ಸ್ವಲ್ಪ, ಹಾಳು ಮಾಡುವುದು ಬಹಳ. ನೆಲಗಡಲೆಯಾದರೆ ನೇಗಿಲು ಹೊಡೆದಂತೆ ಉತ್ತುಬಿಡುತ್ತವೆ. ತೆಂಗಿನ ಸಸಿಯಾದರೆ ಬುಡ ಕಿತ್ತು ಗುಂಡಿಯೊಳಗೇ ಮೂತಿ ಇಡುತ್ತವೆ. ಜಿಲ್ಲೆಯ ಕಬ್ಬಿನ ಗದ್ದೆಗಳಲ್ಲಿ ಕಟಾವಿನ ಹೊತ್ತಿಗೆ ಚಿರತೆ ಮರಿ ಸಿಕ್ಕುವುದು ಈಗ ಯಾರಿಗೂ ಹೊಸ ಸುದ್ದಿಯಲ್ಲ. ಮಳವಳ್ಳಿ ಕಡೆಯ ಮುತ್ತತ್ತಿ, ಬಸವನಬೆಟ್ಟದ ಕಾಡಿನಿಂದ ಆನೆಗಳೂ ಶಿಂಷಾ ನದಿಯ ಗುಂಟ ಆಗಾಗ ಬರುತ್ತವೆ. ಆನೆ ಬಂದರೆ ಪತ್ರಿಕೆಯಲ್ಲಿ ಬರುತ್ತದೆ, ಅರಣ್ಯ ಇಲಾಖೆಯ ಜೀಪು ಬರುತ್ತದೆ. ಹಂದಿ ಬಂದರೆ ಯಾರೂ ಬರುವುದಿಲ್ಲ.

ಎರಡೂವರೆ ಎಕರೆಯ ಒಬ್ಬ ಯಜಮಾನರು ರೈಫಲ್ಲು ಕೊಳ್ಳಬೇಕೇ ಬೇಡವೇ ಎಂದು ಮೂರು ತಿಂಗಳು ತಲೆ ಕೆಡಿಸಿಕೊಂಡದ್ದು ಈ ಹಿನ್ನೆಲೆಯಲ್ಲಿ. ಐವತ್ತೆಂಟರ ವಯಸ್ಸು. ಮಗ ಕೈಗಾರಿಕಾ ಪ್ರದೇಶದಲ್ಲಿ ಕೆಲಸಕ್ಕೆ ಹೋಗುತ್ತಾನೆ, ಸೊಸೆ ಗಾರ್ಮೆಂಟ್ಸಿಗೆ. ಹೊಲ ಕಾಯುವವರು ಗಂಡ-ಹೆಂಡತಿ ಇಬ್ಬರೇ. ಹಳೆಯ ಸೀರೆಗಳ ಬೇಲಿ ಕಟ್ಟಿದ್ದಾಯಿತು, ತಗಡಿನ ಡಬ್ಬ ಬಡಿದದ್ದಾಯಿತು, ಕೂದಲಂಗಡಿಯಿಂದ ಕೂದಲು ತಂದು ಬದುವಿನ ಮೇಲೆ ಚೆಲ್ಲಿದ್ದಾಯಿತು. ನಾಲ್ಕು ದಿನ ಹಂದಿ ಯೋಚನೆ ಮಾಡಿತು, ಐದನೆಯ ದಿನ ಬಂತು. ಪಕ್ಕದ ಹೊಲದವರು ಯಾರೋ ಇಟ್ಟ ಸಿಡಿಮದ್ದನ್ನು ಇನ್ಯಾರದೋ ಹಸು ಕಚ್ಚಿ ದವಡೆ ಕಳೆದುಕೊಂಡದ್ದನ್ನು ಕಣ್ಣಾರೆ ನೋಡಿದ ಮೇಲೆ ಆ ದಾರಿ ಬೇಡವೆನಿಸಿತು. ಬೇಲಿಗೆ ಕಂಬದಿಂದ ಕರೆಂಟು ಎಳೆಯುವುದಂತೂ ಕೊಲೆಗೆ ಸಮ. ರಾತ್ರಿ ಮೋಟಾರು ಹಾಕಲು ಬಂದ ನೆರೆಯವನೇ ಮೊದಲು ತಗುಲಿಕೊಳ್ಳುತ್ತಾನೆ.

ಅಂಥ ಹೊತ್ತಿನಲ್ಲಿ ಮಳವಳ್ಳಿ ಕಡೆಯಿಂದ ಒಂದು ಸುದ್ದಿ ಬಂತು. ಎಪ್ಪತ್ತು ದಾಟಿದ ಗೌಡರೊಬ್ಬರ ಮನೆಯಲ್ಲಿ .315 ರೈಫಲ್ಲಿದೆ, ತಂದೆಯ ಕಾಲದ್ದು, ಲೈಸೆನ್ಸು ಸರಿಯಾಗಿದೆ, ಕೊಡುತ್ತಾರಂತೆ. ಲೈಸೆನ್ಸುದಾರನಿಗೆ ಎಪ್ಪತ್ತಾದರೆ ವಾರಸುದಾರರ ಹೆಸರಿಗೆ ಬದಲಾಯಿಸಿಕೊಳ್ಳಲು 2016ರ ಆಯುಧ ನಿಯಮಗಳಲ್ಲಿ ಅವಕಾಶವಿದೆ. ಆದರೆ ಗೌಡರ ಮಕ್ಕಳಿಬ್ಬರೂ ಬೆಂಗಳೂರಿನ ಫ್ಲ್ಯಾಟಿನವರು, ಅವರಿಗದು ಬೇಡ. ಪ್ರತಿ ಚುನಾವಣೆಗೂ ಅದನ್ನು ಹೊತ್ತುಕೊಂಡು ಹೋಗಿ ಠಾಣೆಯಲ್ಲಿಟ್ಟು, ಮುಗಿದ ಮೇಲೆ ಮತ್ತೆ ಹೊತ್ತು ತರುವುದು ಗೌಡರಿಗೂ ಸಾಕಾಗಿತ್ತು. ಒಂದು ಒಳ್ಳೆಯ ಹಾಲು ಕರೆಯುವ ಹಸುವಿನ ಬೆಲೆ ಹೇಳಿದ್ದರು. ‘ಮಿಲಿಟರಿ ತ್ರೀ ನಾಟ್ ತ್ರೀನೇ ಬೇಟೆಗೆ ಅಂತ ಬದ್ಲಾಯಿಸಿರೋದು, ಗಟ್ಟಿ ಮಾಲು’ ಎಂಬ ಮಾತೂ ಅದರೊಂದಿಗೆ ಬಂದಿತ್ತು.

ಈ ‘ಬದಲಾಯಿಸಿರುವುದು’ ಎಂಬ ಮಾತಿನ ಹಿಂದೆ ದೊಡ್ಡ ಕಥೆಯೇ ಇದೆ. ತ್ರೀ ನಾಟ್ ತ್ರೀ ಎಂದರೆ ನಳಿಗೆಯ ಒಳ ಅಡ್ಡಳತೆ ಅಂಗುಲದ ಸಾವಿರದಲ್ಲಿ 303 ಭಾಗ. ಮಿಲಿಮೀಟರಿನ ಲೆಕ್ಕದಲ್ಲಿ 7.7. ಬ್ರಿಟಿಷ್ ಸೇನೆ ಎರಡು ಮಹಾಯುದ್ಧಗಳನ್ನೂ ಈ ಅಳತೆಯ ಲೀ-ಎನ್‌ಫೀಲ್ಡ್ ರೈಫಲ್ಲುಗಳಿಂದ ಕಾದಿತು. ಕಲ್ಕತ್ತೆಯ ಹತ್ತಿರ ಹೂಗ್ಲಿ ದಂಡೆಯ ಇಶಾಪುರದಲ್ಲಿ 1904ರಲ್ಲಿ ಸ್ಥಾಪನೆಯಾದ ರೈಫಲ್ ಕಾರ್ಖಾನೆ ಇದನ್ನೇ ನಮ್ಮ ದೇಶದಲ್ಲಿ ತಯಾರಿಸಿತು. 1962ರಲ್ಲಿ ಹಿಮಾಲಯದಲ್ಲಿ ಚೀನೀಯರ ಎದುರು ನಿಂತ ನಮ್ಮ ಜವಾನರ ಕೈಯಲ್ಲಿದ್ದುದೂ ಅದೇ. ಅನಂತರ ಅದು ಸೇನೆಯಿಂದ ಪೋಲೀಸರಿಗೆ ಇಳಿಯಿತು. ಠಾಣೆಯ ಪಹರೆಯವನ ಹೆಗಲಿನಲ್ಲಿ ಅದನ್ನು ನೋಡದ ಹಳಬರು ಯಾರಿದ್ದಾರೆ?

1857ರ ದಂಗೆಯ ಭಯ ಬ್ರಿಟಿಷರನ್ನು ಕೊನೆಯವರೆಗೂ ಬಿಡಲಿಲ್ಲ. ಸೇನೆಯ ತೋಟಾ ಕಳುವಾಗಿ ಹೊರಗೆ ಬಂದರೂ ಅದನ್ನು ಹಾರಿಸುವ ಕೋವಿ ಜನರ ಬಳಿ ಇರಬಾರದು ಎಂಬುದು ಅವರ ಲೆಕ್ಕ. ಹೀಗಾಗಿ .303 ಅಳತೆಯ ಬೇಟೆಯ ರೈಫಲ್ಲುಗಳಿಗೆ ಭಾರತದಲ್ಲಿ ತಡೆ ಬಿತ್ತು. ಆಗ ಬರ್ಮಿಂಗ್‌ಹ್ಯಾಮ್ ನಗರದ ಬಿ.ಎಸ್.ಎ. ಕಂಪೆನಿ ಒಂದು ಉಪಾಯ ಮಾಡಿತು. ಅದೇ ಲೀ-ಎನ್‌ಫೀಲ್ಡ್ ಒಡಲಿಗೆ 8 ಮಿಲಿಮೀಟರಿನ ನಳಿಗೆ ಹಾಕಿ, ಆಸ್ಟ್ರಿಯಾ-ಹಂಗೇರಿ ಸೇನೆಯ ಹಳೆಯ ಮನ್‌ಲಿಖರ್ ತೋಟಾಕ್ಕೆ ಹೊಂದಿಸಿ, .315 ಎಂಬ ಹೆಸರಿನಲ್ಲಿ ಇಲ್ಲಿಗೆ ಕಳುಹಿಸಿತು. ಸ್ವಾತಂತ್ರ್ಯಾನಂತರ ಇಶಾಪುರವೂ ಅದೇ ಮಾದರಿಯನ್ನು ಮುಂದುವರಿಸಿತು. 2021ರ ಅಕ್ಟೋಬರಿನಲ್ಲಿ ಸರ್ಕಾರದ ಆಯುಧ ಕಾರ್ಖಾನೆಗಳೆಲ್ಲ ಏಳು ಕಂಪೆನಿಗಳಾಗಿ ಹಂಚಿಹೋದಾಗ ಇಶಾಪುರ ಕಾನ್ಪುರದ ಕಂಪೆನಿಯೊಂದರ ಪಾಲಿಗೆ ಹೋಯಿತು. ಬ್ರಿಟಿಷರು ಹೋಗಿ ಮುಕ್ಕಾಲು ಶತಮಾನ ಕಳೆದರೂ ಆ ಲೆಕ್ಕ ಮಾತ್ರ ಇನ್ನೂ ನಮ್ಮ ಕಾನೂನಿನಲ್ಲಿದೆ: .303 ನಿಷೇಧಿತ ಅಳತೆ, .315 ನಿಷೇಧವಿಲ್ಲದ್ದು. ಎರಡಕ್ಕೂ ಇರುವ ಅಂತರ ಮಿಲಿಮೀಟರಿನ ಹತ್ತರಲ್ಲಿ ಮೂರು ಭಾಗ. ನಾಲ್ಕೈದು ತಲೆಗೂದಲನ್ನು ಒತ್ತಟ್ಟಿಗೆ ಇಟ್ಟಷ್ಟು ದಪ್ಪ. ಅದರ ಈಚೆ ಲೈಸೆನ್ಸು, ಆಚೆ ಜೈಲು.

ಅದಿರಲಿ. ಗೌಡರ ರೈಫಲ್ಲು ನೋಡಲು ಯಜಮಾನರು ತಮ್ಮ ಹೆಂಡತಿಯ ತಮ್ಮನನ್ನು ಕರೆದುಕೊಂಡು ಹೊರಟರು. ಬಾಮೈದ ಸೇನೆಯಲ್ಲಿ ಹವಾಲ್ದಾರನಾಗಿ ನಿವೃತ್ತಿಯಾಗಿ ಮದ್ದೂರಿನಲ್ಲಿ ಮನೆ ಕಟ್ಟಿಕೊಂಡಿರುವವನು. ಮದ್ದೂರು ಎಂಬ ಹೆಸರಿಗೆ ಮದ್ದು-ಗುಂಡಿನ ಮದ್ದೇ ಮೂಲ, ಟಿಪ್ಪುವಿನ ಕಾಲದಲ್ಲಿ ಇಲ್ಲಿ ಮದ್ದಿನ ಮನೆ ಇತ್ತು ಎಂದು ಹೇಳುವವರಿದ್ದಾರೆ. ಹೆಸರಿನ ಮೂಲ ಹುಡುಕುವುದು ಎಲ್ಲ ಊರಿನವರಿಗೂ ಪ್ರಿಯವಾದ ಕೆಲಸ, ಇದನ್ನು ಹೆಚ್ಚು ಎಳೆಯಬಾರದು. ಆದರೆ ಮದ್ದೂರಿನಿಂದ ಕೆ.ಎಂ. ದೊಡ್ಡಿಯ ಮೇಲೆ ಮಳವಳ್ಳಿಗೆ ಹೋಗುವ ಈ ದಾರಿ ಕೋವಿಯ ಚರಿತ್ರೆಯಲ್ಲಿ ನಿಜವಾಗಿ ಬರುತ್ತದೆ. 1799ರ ಮಾರ್ಚ್ 27ರಂದು ಶ್ರೀರಂಗಪಟ್ಟಣಕ್ಕೆ ಹೊರಟಿದ್ದ ಜನರಲ್ ಹ್ಯಾರಿಸನ ಸೈನ್ಯವನ್ನು ಟಿಪ್ಪು ಎದುರಿಸಿದ್ದು ಮಳವಳ್ಳಿಯ ಬಯಲಿನಲ್ಲಿ. ಅಂದು ಎರಡೂ ಕಡೆಯ ಸಾಮಾನ್ಯ ಸಿಪಾಯಿಯ ಕೈಯಲ್ಲಿದ್ದುದು ಒಳಗೆ ನುಣುಪಾದ ನಳಿಗೆಯ ಕೋವಿ. ನೂರು ಗಜದಾಚೆ ಅದರ ಗುಂಡು ಯಾರಿಗೆ ಬೀಳುತ್ತದೆ ಎಂದು ಹಾರಿಸಿದವನಿಗೂ ತಿಳಿಯದು. ರೈಫಲ್ಲಿನ ನಳಿಗೆಯೊಳಗೆ ಸುರುಳಿ ಗೆರೆಗಳಿರುತ್ತವೆ. ಗುಂಡು ಆ ಗೆರೆಗಳಿಗೆ ಕಚ್ಚಿಕೊಂಡು ಬುಗುರಿಯಂತೆ ತಿರುಗುತ್ತ ಹೊರಬರುತ್ತದೆ. ತಿರುಗುವ ಬುಗುರಿ ಹೇಗೆ ಬೀಳದೋ ಹಾಗೆ ತಿರುಗುವ ಗುಂಡು ಮಗುಚುವುದಿಲ್ಲ, ಮೂತಿ ಮುಂದಾಗಿಯೇ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ಇಡೀ ವ್ಯತ್ಯಾಸ ಇಷ್ಟೇ.

ಗೌಡರ ಮನೆಯಲ್ಲಿ ಕಾಫಿಯಾಯಿತು. ಗೋಡೆಯ ಮೇಲೆ ಕಡವೆಯ ಕೊಂಬು, ಅದರ ಕೆಳಗೆ ಅವರ ತಂದೆ ಟೋಪಿ ಹಾಕಿ ನಿಂತ ಫೋಟೋ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬರುವ ಮುನ್ನ ಇಂಥ ಫೋಟೋಗಳು ಈ ಸೀಮೆಯ ಎಷ್ಟೋ ಮನೆಗಳಲ್ಲಿದ್ದವು. ಕೆನೆತ್ ಆಂಡರ್ಸನ್ ಬೇಟೆಗೆ ಅಲೆದಿದ್ದು ಈ ಕಾವೇರಿ ಕಾಡಿನ ಆಸುಪಾಸಿನಲ್ಲೇ. ಪೂರ್ಣಚಂದ್ರ ತೇಜಸ್ವಿಯವರು ಅವನ ಕಥೆಗಳನ್ನು ಕನ್ನಡಕ್ಕೆ ತಂದ ಮೇಲೆ ಅದು ಮನೆಮನೆಗೂ ಗೊತ್ತಾಯಿತು. ಆ ಪುಸ್ತಕಗಳನ್ನು ಓದಿ ಕೋವಿಯ ಆಸೆ ಹುಟ್ಟಿಸಿಕೊಂಡ ಹುಡುಗರ ಸಂಖ್ಯೆ ಕಡಿಮೆಯೇನಲ್ಲ. ಆದರೆ ಆಂಡರ್ಸನ್ ಮುಗಿದು ಹೋದ ಒಂದು ಕಾಲದವನು ಎಂಬುದು ಓದುವಾಗ ಮರೆತುಹೋಗುತ್ತದೆ.

ಹವಾಲ್ದಾರ ರೈಫಲ್ಲನ್ನು ಕೈಗೆ ತೆಗೆದುಕೊಂಡ ರೀತಿಯಲ್ಲೇ ಕಸುಬು ಕಾಣುತ್ತಿತ್ತು. ಮೊದಲು ಮ್ಯಾಗಜೀನ್ ಕಳಚಿದ, ಬೋಲ್ಟು ಹಿಂದೆಳೆದು ಕಿರುಬೆರಳಿನಿಂದ ಒಳಗೆ ತಡವಿ ಖಾಲಿ ಎಂದು ಖಚಿತ ಮಾಡಿಕೊಂಡ. ಆಮೇಲೆ ಬೋಲ್ಟನ್ನು ಪೂರ್ತಿ ಹೊರತೆಗೆದು, ನಳಿಗೆಯನ್ನು ಬಾಗಿಲಿನ ಬೆಳಕಿಗೆ ಹಿಡಿದು ಕಣ್ಣಿಟ್ಟ. ಗೆರೆಗಳು ಚೆನ್ನಾಗಿದ್ದವು, ಬಾಯಿಯ ಹತ್ತಿರ ಮಾತ್ರ ಒಂದಿಷ್ಟು ತುಕ್ಕಿನ ಗುಳಿ. ಮುಂಭಾಗದ ಮರವನ್ನು ಅರ್ಧಕ್ಕೆ ಕತ್ತರಿಸಿ ನಯ ಮಾಡಿದ್ದರು. ಸೇನೆಯ ರೈಫಲ್ಲಿನಲ್ಲಿ ಮರ ನಳಿಗೆಯ ತುದಿಯವರೆಗೂ ಇರುತ್ತದೆ. ನಳಿಗೆಯ ಮೇಲೆ 315 ಎಂಬ ಅಚ್ಚು ಸ್ಪಷ್ಟವಾಗಿತ್ತು, ಲೈಸೆನ್ಸಿನ ನಂಬರಿಗೂ ಒಡಲಿನ ಮೇಲಿನ ನಂಬರಿಗೂ ತಾಳೆಯಾಯಿತು. ಆದರೆ ಬೋಲ್ಟಿನ ಹಿಡಿಯ ಮೇಲಿದ್ದ ನಂಬರು ಬೇರೆ!

‘ಇದೇನ್ ಗೌಡ್ರೇ, ಬೋಲ್ಟ್ ಇದ್ರುದಲ್ಲ?’

‘ನಮ್ಮಪ್ಪನ್ ಕಾಲ್ದಿಂದ್ಲೂ ಅದೇ ಇರೋದಪ್ಪ. ಏನಾಯ್ತು ಅದ್ಕೆ?’

ಏನಾಗುತ್ತದೆ ಎಂಬುದನ್ನು ಹವಾಲ್ದಾರ ದಾರಿಯಲ್ಲಿ ಬಾವನಿಗೆ ವಿವರಿಸಿದ. ಲೀ-ಎನ್‌ಫೀಲ್ಡಿನಲ್ಲಿ ಪ್ರತಿ ಬೋಲ್ಟನ್ನೂ ಅದರದೇ ಒಡಲಿಗೆ ಕೂರಿಸಿ, ಎರಡಕ್ಕೂ ಒಂದೇ ನಂಬರು ಹೊಡೆದಿರುತ್ತಾರೆ. ತೋಟಾದ ತಳಕ್ಕೂ ಬೋಲ್ಟಿನ ಮುಖಕ್ಕೂ ನಡುವೆ ಇರಬೇಕಾದ ಸಂದು ಕೂದಲೆಳೆಯ ಲೆಕ್ಕದ್ದು. ಮದ್ದು ಉರಿದಾಗ ಒಳಗೆ ಹುಟ್ಟುವ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಎರಡು ಸಾವಿರ ಪಟ್ಟಿಗೂ ಮಿಕ್ಕದ್ದು. ಕಾರಿನ ಟೈರಿನಲ್ಲಿ ನಾವು ತುಂಬಿಸುವುದು ಎರಡೋ ಎರಡೂವರೆಯೋ ಪಟ್ಟು. ಸಂದು ಜಾಸ್ತಿಯಾದರೆ ಹಿತ್ತಾಳೆಯ ತೋಟಾ ಹಿಂಬದಿಯಲ್ಲಿ ಸೀಳಿ, ಆ ಒತ್ತಡದ ಅನಿಲ ಗುರಿ ಹಿಡಿದವನ ಮುಖಕ್ಕೇ ಬರಬಹುದು. ಹಾಗೆಂದು ರೈಫಲ್ಲು ಕೆಟ್ಟಿದೆ ಎಂದಲ್ಲ. ಲೈಸೆನ್ಸು ಪಡೆದ ಗನ್‌ಸ್ಮಿತ್ ಬಳಿ ಅಳತೆಗೋಲು ಹಾಕಿಸಿ ನೋಡಿದರೆ ಗೊತ್ತಾಗುತ್ತದೆ, ಸರಿಯಿಲ್ಲದಿದ್ದರೆ ಬೋಲ್ಟಿನ ತಲೆ ಬದಲಾಯಿಸಬಹುದು. ಊರ ಲೇತಿನವನ ಕೈಗೆ ಕೊಡುವಂತಿಲ್ಲ. ಆಯುಧವನ್ನು ಒಂದು ಬಗೆಯಿಂದ ಇನ್ನೊಂದು ಬಗೆಗೆ ಪರಿವರ್ತಿಸುವುದಂತೂ ಅದಕ್ಕೆಂದೇ ಲೈಸೆನ್ಸು ಇಲ್ಲದವರಿಗೆ ಅಪರಾಧ.

‘ಅಂಗಾರೆ ತಗೊಬೋದು ಅಂತೀಯಾ?’ ಎಂದರು ಬಾವ.

‘ಕೋವಿ ಏನೋ ತಗೊಬೋದು ಬಾವ. ನಾಳೀಕೆ ನಿಮ್ ಹೊಲ ಒಂದ್ಸಾರಿ ನೋಡನ.’

ಮರುದಿನ ಬೆಳಿಗ್ಗೆ ಹೊಲಕ್ಕೆ ಬಂದವನು ಬೆಳೆ ನೋಡಲಿಲ್ಲ. ಕಾವಲಿನ ಅಟ್ಟಣೆ ಹತ್ತಿ ಸುತ್ತ ನೋಡಿದ. ಅಟ್ಟಣೆಯ ಎತ್ತರ ಹನ್ನೆರಡು ಅಡಿ. ಹಂದಿ ಹೊರಬರುವ ಪೊದೆ ಐವತ್ತು ಮೀಟರಿನಾಚೆ. ಅಲ್ಲಿಗೆ ಗುರಿಯಿಟ್ಟರೆ ಗುಂಡು ನೆಲಕ್ಕೆ ನಾಲ್ಕು ಡಿಗ್ರಿಯಷ್ಟು ಮಾತ್ರ ಓರೆಯಾಗಿ ಇಳಿಯುತ್ತದೆ. ಕೆರೆಯ ನೀರಿಗೆ ಹುಡುಗರು ಬಿಲ್ಲೆಗಲ್ಲನ್ನು ಎಸೆದಾಗ ಅದು ಮುಳುಗದೆ ಕುಪ್ಪಳಿಸಿ ಕುಪ್ಪಳಿಸಿ ಹೋಗುತ್ತದಲ್ಲ, ಇಷ್ಟು ಕಡಿಮೆ ಓರೆಯಲ್ಲಿ ಗಟ್ಟಿ ನೆಲಕ್ಕೋ ಕಲ್ಲಿಗೋ ತಾಗಿದ ಗುಂಡೂ ಹಾಗೆಯೇ. ನೆಲ ಹೊಗುವ ಬದಲು ಹಾರುತ್ತದೆ, ಯಾವ ಕಡೆಗೆ ಎಂದು ಯಾರೂ ಹೇಳಲಾರರು.

ಶಾಲೆಯಲ್ಲಿ ಭೌತವಿಜ್ಞಾನ ಓದಿದ ಮಕ್ಕಳಿಗೆಲ್ಲ ಒಂದು ಪ್ರಶ್ನೆ ನೆನಪಿರುತ್ತದೆ. ನೆಲಕ್ಕೆ ಸಮನಾಗಿ ಹಾರಿಸಿದ ಗುಂಡು ಮೊದಲು ನೆಲ ಮುಟ್ಟುತ್ತದೆಯೋ, ಅದೇ ಎತ್ತರದಿಂದ ಕೈಜಾರಿ ಬಿದ್ದ ಗುಂಡೋ? ಎರಡೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ. ನಿಂತವನ ಹೆಗಲ ಎತ್ತರದಿಂದಾದರೆ ಅರ್ಧ ಸೆಕೆಂಡಿಗೆ ಸ್ವಲ್ಪ ಹೆಚ್ಚು. ಆದರೆ .315 ಗುಂಡು ಸೆಕೆಂಡಿಗೆ ಆರುನೂರು ಮೀಟರಿನ ಆಸುಪಾಸಿನ ವೇಗದಲ್ಲಿ ಹೊರಡುವುದರಿಂದ ಆ ಅರ್ಧ ಸೆಕೆಂಡಿನಲ್ಲಿ ಮುನ್ನೂರು ಮೀಟರು ಹೋಗಿಬಿಟ್ಟಿರುತ್ತದೆ. ನಳಿಗೆ ಐದಾರು ಡಿಗ್ರಿ ಮೇಲಕ್ಕೆ ವಾಲಿದರೆ ಸಾಕು, ಕಿಲೋಮೀಟರು ದಾಟುತ್ತದೆ. ಇನ್ನೂ ಮೇಲೆತ್ತಿದರೆ ಎರಡು ಕಿಲೋಮೀಟರಿಗೂ ಆಚೆ. ಗುಂಡಿನ ತೂಕ 15–16 ಗ್ರಾಂ, ನಾಲ್ಕು ಅಡಿಕೆಗಿಂತ ಹೆಚ್ಚಿಲ್ಲ. ಹೊರಡುವಾಗ ಅದರಲ್ಲಿರುವ ಶಕ್ತಿ ಮೂರು ಸಾವಿರ ಜೂಲ್. ಅರವತ್ತು ಕಿಲೋ ತೂಕದ ಮನುಷ್ಯ ಹದಿನಾರು ಅಡಿ ಎತ್ತರದಿಂದ ನೆಲಕ್ಕೆ ಬೀಳುವಾಗ ಎಷ್ಟಿರುತ್ತದೋ ಅಷ್ಟು, ಆದರೆ ಒಂದು ಕಡಲೆಕಾಳಿನಗಲದ ಜಾಗದಲ್ಲಿ. ಹತ್ತಿರದ ಹಂದಿಯ ಮೈ ಹೊಕ್ಕರೂ ಅದು ಒಳಗೇ ನಿಲ್ಲುತ್ತದೆಂಬ ಭರವಸೆಯಿಲ್ಲ.

ಈಗ ಸೋಮನಹಳ್ಳಿಯ ಮೇಲೆ ಒಂದು ಕಿಲೋಮೀಟರಿನ ವೃತ್ತ ಎಳೆದು ನೋಡಬೇಕು. ಹವಾಲ್ದಾರ ಕೈ ತೋರಿಸಿದ್ದೂ ಹಾಗೆಯೇ. ಒಂದು ಕಡೆ ಹೆದ್ದಾರಿ. ನಡುರಾತ್ರಿಯಲ್ಲೂ ಬಸ್ಸು, ಲಾರಿ, ಕಾರುಗಳ ದೀಪ ನಿಲ್ಲುವುದಿಲ್ಲ. ಇನ್ನೊಂದು ಕಡೆ ಊರು, ಊರ ಮುಂದಿನ ಡೇರಿ, ಬೆಳಗಿನ ಜಾವ ನಾಲ್ಕೂವರೆಗೇ ಕ್ಯಾನು ಹಿಡಿದು ಹೊರಡುವವರು. ಕೈಗಾರಿಕಾ ಪ್ರದೇಶದ ಕಡೆ ರಾತ್ರಿ ಪಾಳಿಯ ಬೆಳಕು. ಉಳಿದ ಕಡೆ ತೋಟಗಳು. ಅಲ್ಲಿ ಕರೆಂಟು ಯಾವಾಗ ಬರುತ್ತದೋ ಆಗ ಮೋಟಾರು ಹಾಕಲು ಬ್ಯಾಟರಿ ಹಿಡಿದು ಓಡಾಡುವವರು. ಮದ್ದೂರಿನ ಎಳನೀರು ಮಾರುಕಟ್ಟೆಗೆ ಕಾಯಿ ಇಳಿಸುವವರು ಕತ್ತಲಿರುವಾಗಲೇ ಗೊನೆಯ ಕೆಳಗಿರುತ್ತಾರೆ. ಬೆಟ್ಟವಿಲ್ಲ, ದಿಬ್ಬವಿಲ್ಲ, ಗುಂಡನ್ನು ತಡೆದು ನಿಲ್ಲಿಸುವ ಒಂದು ಏರಿ ಕೂಡ ಆ ನೇರಕ್ಕಿಲ್ಲ.

‘ಎಲ್ಲಿಗ್ ಹೊಡೀತೀರಿ ಬಾವ, ಹೇಳಿ’ ಎಂದ.

ಬಾವ ಉತ್ತರ ಕೊಡದೆ ಅಟ್ಟಣೆಯಿಂದ ಇಳಿದರು. ಮಗ, ಸೊಸೆ ಕೆಲಸದಿಂದ ಬರುವ ದಾರಿ ಆ ವೃತ್ತದೊಳಗೇ ಇತ್ತು.

ಕೊಡಗಿನವರ ಬಳಿ ಇರುವುದು ನಮ್ಮ ಬಳಿ ಯಾಕಿರಬಾರದು ಎಂದು ಮಂಡ್ಯ ಸೀಮೆಯವರು ಆಗಾಗ ಕೇಳುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಅಲ್ಲಿ ಕೋವಿ ಬೆಳೆ ಕಾಯುವ ಸಾಧನಕ್ಕಿಂತ ಹೆಚ್ಚಿನದು. ಕೈಲುಮುಹೂರ್ತದ ದಿನ ಅದಕ್ಕೆ ಹೂ ಮುಡಿಸಿ ಪೂಜೆ ಮಾಡುತ್ತಾರೆ, ಹುಟ್ಟಿಗೂ ಸಾವಿಗೂ ಅದರ ಸದ್ದು ಬೇಕು. ಅದಕ್ಕೂ ಮಿಗಿಲಾಗಿ ಅಲ್ಲಿ ಮನೆಗೂ ಮನೆಗೂ ನಡುವೆ ಒಂದು ಗುಡ್ಡವಿರುತ್ತದೆ. ಹೆದ್ದಾರಿ ಬದಿಯ ಬಯಲುಸೀಮೆಯ ಊರಿಗೆ ಆ ಹೋಲಿಕೆ ಹೊಂದುವುದಿಲ್ಲ.

ಕಾನೂನೂ ಈ ವ್ಯತ್ಯಾಸವನ್ನು ಬಲ್ಲದು ಎಂಬುದು ಬಹಳ ಜನಕ್ಕೆ ತಿಳಿಯದು. 1959ರ ಆಯುಧ ಕಾಯಿದೆಯ 13ನೇ ಕಲಮು ರಕ್ಷಣೆಗಾಗಲಿ ಕ್ರೀಡೆಗಾಗಲಿ ನುಣುಪು ನಳಿಗೆಯ ಬಂದೂಕನ್ನೂ, ನಿಜವಾದ ಬೆಳೆ ರಕ್ಷಣೆಗೆ ಬಾಯಿಂದ ಮದ್ದು ತುಂಬುವ ಕೋವಿಯನ್ನೂ ಪ್ರತ್ಯೇಕವಾಗಿ ಹೆಸರಿಸುತ್ತದೆ. ಇಂಥ ರೈಫಲ್ಲು ಆ ಸಾಲಿನಲ್ಲಿಲ್ಲ. ಅದಕ್ಕೆ ಅರ್ಜಿ ಹಾಕಿದವನು ಸಾಕಷ್ಟು ಕಾರಣವಿದೆ ಎಂದು ಅಧಿಕಾರಿಗೆ ಮನದಟ್ಟು ಮಾಡಬೇಕು. ಮಾರುವವರು 45 ದಿನ ಮುಂಚಿತವಾಗಿ ಜಿಲ್ಲಾ ಮ್ಯಾಜಿಸ್ಟ್ರೇಟರಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಬೇಕು. ಕೊಳ್ಳುವವನಿಗೆ ಕೋವಿ ಬಳಸುವ ತರಬೇತಿಯ ಪ್ರಮಾಣಪತ್ರ ಬೇಕು. ಇಷ್ಟೆಲ್ಲ ಆಗಿ ರೈಫಲ್ಲು ಮನೆಗೆ ಬಂದರೂ ಅದರಿಂದ ಹಂದಿ ಹೊಡೆಯುವಂತಿಲ್ಲ. 2022ರ ತಿದ್ದುಪಡಿಯ ನಂತರ ಕಾಡುಹಂದಿ ಸಂರಕ್ಷಿತ ಪ್ರಾಣಿಗಳ ಎರಡನೆಯ ಪಟ್ಟಿಯಲ್ಲಿದೆ. ಬೆಳೆ ಹಾಳುಮಾಡಿದರೂ ಅರಣ್ಯಾಧಿಕಾರಿಯ ಲಿಖಿತ ಅಪ್ಪಣೆ ಬೇಕು. ಚಿರತೆ, ಆನೆ, ನವಿಲುಗಳಂತೂ ಒಂದನೆಯ ಪಟ್ಟಿಯವು. ಜೀವಕ್ಕೆ ಅಪಾಯ ಬಂದಾಗ ಆತ್ಮರಕ್ಷಣೆಗೆ ಹೊಡೆದರೆ ಅಪರಾಧವಲ್ಲ ಎನ್ನುವ ಮಾತೇನೋ ಕಾಯಿದೆಯಲ್ಲಿದೆ, ಆದರೆ ರಾಗಿ ತಿನ್ನುತ್ತಿದ್ದ ಹಂದಿ ಜೀವಕ್ಕೆ ಎರಗಿತು ಎಂದು ಸಾಬೀತು ಮಾಡುವುದು ಯಾರಿಂದಾದೀತು?

ಹೆದರಿಸಿ ಓಡಿಸಲು ಗಾಳಿಯಲ್ಲಿ ಹಾರಿಸಬಹುದಲ್ಲ ಎಂದರೆ, ಗಾಳಿಗೆ ಹಾರಿಸಿದ ಗುಂಡೂ ಎಲ್ಲಿಯಾದರೂ ಇಳಿಯಲೇಬೇಕು.

ಯಜಮಾನರ ಹೆಂಡತಿಯ ತವರು ಕೊಕ್ಕರೆ ಬೆಳ್ಳೂರು. ರುದ್ರಾಕ್ಷಿಪುರದಲ್ಲಿ ಹೆದ್ದಾರಿ ಬಿಟ್ಟು ಹನ್ನೆರಡು ಕಿಲೋಮೀಟರು ಒಳಗೆ ಹೋದರೆ ಸಿಗುವ, ಇದೇ ತಾಲ್ಲೂಕಿನ ಊರು. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರ ನಡುವಿನ ಹುಣಸೆ ಮರಗಳಲ್ಲಿ ಗೂಡು ಕಟ್ಟುತ್ತವೆ, ಜನ ಅವನ್ನು ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳಂತೆ ನೋಡಿಕೊಳ್ಳುತ್ತಾರೆ. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಎಂದು ಘೋಷಿಸಿತು. ಆಕೆ ರೈಫಲ್ಲಿನ ಮಾತು ಬಂದಾಗಲೆಲ್ಲ ಸುಮ್ಮನಿದ್ದವರು, ತಮ್ಮ ಅಟ್ಟಣೆ ಹತ್ತಿ ಇಳಿದ ದಿನ ರಾತ್ರಿ ಮುದ್ದೆ ತಿರುವುತ್ತ ಹೇಳಿದರು:

‘ಹಕ್ಕಿ ಮೊಟ್ಟೆ ಇಕ್ಕೈತೆ ಅಂದ್ರೆ ನಮ್ಮಪ್ಪ ಒಂದ್ ಪಟಾಕಿ ಹೊಡಿಯಾಕೂ ಬುಡ್ತಿರ್ಲಿಲ್ಲ. ಅಂಗಂತ ನಾನ್ ಹಂದಿಗೂ ಬಾಣಂತನ ಮಾಡು ಅಂತೀನಾ? ಮಾವ ಇದ್ದಾಗ ಒಂದ್ ಕೇಪಿನ ಕೋವಿ ಇತ್ತಲ್ಲ, ಅದ್ರಲ್ಲಿ ಅವ್ರು ಯಾವತ್ತಾರ ಗುಂಡ್ ತುಂಬಿದ್ರಾ?’

ತುಂಬಿರಲಿಲ್ಲ. ಅದು ಯಜಮಾನರಿಗೂ ನೆನಪಿತ್ತು. ಅಪ್ಪ ಮದ್ದು ಹಾಕಿ, ತೆಂಗಿನ ನಾರು ಗಿಡಿದು, ಕೇಪು ಇಟ್ಟು ಹೊಲದ ಮೂಲೆಯಲ್ಲಿ ನಿಂತು ಒಂದು ಢಂ ಅನ್ನಿಸುತ್ತಿದ್ದರು. ನಳಿಗೆಯಿಂದ ಹೊರಬರುತ್ತಿದ್ದುದು ಬೆಂಕಿ, ಹೊಗೆ, ಉರಿದ ನಾರು ಮಾತ್ರ. ಎರಡು ಮೂರು ದಿನ ಹಂದಿ ಆ ಕಡೆ ಸುಳಿಯುತ್ತಿರಲಿಲ್ಲ. ಕಾಯಿದೆ ಬರೆದವರು ಬೆಳೆಗೆ ಈ ಕೋವಿಯನ್ನೇ ಯಾಕೆ ಹೆಸರಿಸಿದರು ಎಂಬುದಕ್ಕೆ ಆ ಸದ್ದಿಗಿಂತ ಬೇರೆ ಉತ್ತರ ಬೇಕಿಲ್ಲವೇನೋ. ರೈಫಲ್ಲಿನಲ್ಲಿ ಗುಂಡು ಬಿಟ್ಟು ಬರೀ ಸದ್ದು ಹೊರಡಿಸಲು ರೈತನಿಗೆ ತೋಟಾ ಸಿಗುವುದಿಲ್ಲ.

ಆ ಕೇಪಿನ ಕೋವಿ ಎಲ್ಲಿ ಹೋಯಿತು ಎಂದರೆ, ಅಪ್ಪ ತೀರಿಕೊಂಡ ಮೇಲೆ ಒಂದು ಚುನಾವಣೆಗೆ ಠಾಣೆಗೆ ಒಪ್ಪಿಸಿದ್ದು, ಹೆಸರು ಬದಲಾಯಿಸಲು ಅರ್ಜಿ ಹಾಕಬೇಕೆಂದುಕೊಂಡು ವರ್ಷಗಳೇ ಕಳೆದುಹೋದವು. ಬೇರೆ ಯಾರ ತಪ್ಪೂ ಅಲ್ಲ, ಅವರದೇ ಉದಾಸೀನ. ಈಗ ಹೊಸದಾಗಿ ಅರ್ಜಿ ಹಾಕಬೇಕು, ತರಬೇತಿಗೆ ಹೋಗಬೇಕು, ಪೋಲೀಸ್ ವರದಿಯಾಗಬೇಕು. ಮಂಡ್ಯದ ಜಿಲ್ಲಾಧಿಕಾರಿ ಕಚೇರಿಗೆ ಎರಡು ಸಲವಾದರೂ ಹೋಗಿ ಬರಬೇಕು. ಕೊಡುತ್ತಾರೆಂಬ ಖಾತ್ರಿಯೂ ಇಲ್ಲ.

ಮಳವಳ್ಳಿಯ ಗೌಡರಿಂದ ಫೋನು ಬಂದಾಗ ಯಜಮಾನರು ಕಣದಲ್ಲಿದ್ದರು.

‘ಏನಪ್ಪ, ನಾನ್ ಠಾಣೆಗೆ ಕಾಗ್ದ ಬರೀಲಾ?’

‘ಬ್ಯಾಡಿ ಗೌಡ್ರೇ. ಮಾಲು ಚೆನ್ನಾಗೈತೆ, ನಮ್ಮೊಲುಕ್ಕೆ ಒಗ್ಗಲ್ಲ.’

‘ಬೋಲ್ಟ್ ಇಚಾರಕ್ಕಾ?’

‘ಅದ್ಕಲ್ಲ’ ಎಂದರು. ಯಾವುದಕ್ಕೆ ಎಂದು ಗೌಡರೂ ಮತ್ತೆ ಕೇಳಲಿಲ್ಲ.

ಅಂದು ರಾತ್ರಿಯೂ ಹಂದಿ ಬಂದವು. ಗಂಡ-ಹೆಂಡತಿ ಬ್ಯಾಟರಿ ಬಿಟ್ಟು, ಡಬ್ಬ ಬಡಿದು, ಕೂಗಿ ಓಡಿಸುವ ಹೊತ್ತಿಗೆ ಪೊದೆಯ ಕಡೆಯ ನಾಲ್ಕು ಸಾಲು ತೆನೆ ನೆಲಕ್ಕೆ ಮಲಗಿತ್ತು. ಬೆಳಗಾದ ಮೇಲೆ ಯಜಮಾನರು ಬಿದ್ದ ತೆನೆಯಲ್ಲಿ ಕೈಗೆ ಬಂದಷ್ಟನ್ನು ಕುಡುಗೋಲಿನಲ್ಲಿ ಕೊಯ್ದು ಕಟ್ಟಿದರು. ಆಮೇಲೆ ಮಗನ ಬೈಕಿನ ಹಿಂದೆ ಕೂತು, ಅರ್ಜಿ ನಮೂನೆ ತರಲು ಸರ್ವಿಸ್ ರಸ್ತೆ ಹಿಡಿದು ಮಂಡ್ಯಕ್ಕೆ ಹೊರಟರು.